ಹುಟ್ಟಿದ ಹಬ್ಬ ಇಲ್ಲದ ದಿನ ಬನ್ನಿ: ಅನ್ನದಾನ ಮಾಡುವವರಿಗೊಂದು ಬಹಿರಂಗ ಪತ್ರ

ಹುಬ್ಬಳ್ಳಿ-ಧಾರವಾಡದ ಎಲ್ಲ ದಾನಿಗಳಿಗೆ, ಅನ್ನದಾನ ಮಾಡುವ ಸಂಘ-ಸಂಸ್ಥೆಯ ಹಿರಿಯರಿಗೆ, ಗೆಳೆಯರ ಬಳಗದವರಿಗೆ, ಹಾಗೆಯೇ ಮಹಾನಗರ ಪಾಲಿಕೆಯ ಮಾನ್ಯ ಆಯುಕ್ತರಿಗೆ,

ಶರಣು.

ನಾನು ಹಳೇ ಹುಬ್ಬಳ್ಳಿ ಕಡೆ ಒಂದು ಓಣಿಯಲ್ಲಿ ಕಿರಾಣಿ ಅಂಗಡಿ ಇಟ್ಟವನು. ಹತ್ತೊಂಬತ್ತು ವರ್ಷ ಆಯಿತು. ಓಣಿಯ ಹೆಸರು ಬರೆಯುತ್ತಿಲ್ಲ, ಬರೆದರೆ ನಾಳೆಯೇ ನಾಲ್ಕು ವ್ಯಾನ್ ಬಂದು ನಿಲ್ಲುತ್ತವೆ, ನಾಡಿದ್ದು ಒಂದೂ ಇರೋದಿಲ್ಲ. ಅದೇ ನನ್ನ ತಕರಾರು. ಈ ಪತ್ರ ಬರೆಯೋಕೆ ಕೂತಿದ್ದೂ ಅದಕ್ಕೇ.

ಇಲ್ಲಿ ಹೆಚ್ಚಿನ ಮನೆಗಳ ಗಂಡಸರು ಹಮಾಲಿ, ಗೌಂಡಿ ಕೆಲಸಕ್ಕೆ ಹೋಗುತ್ತಾರೆ. ಹೆಣ್ಣುಮಕ್ಕಳು ಬೆಳಗ್ಗೆ ಬೇಗ ಎದ್ದು ವಿದ್ಯಾನಗರ, ಕೇಶ್ವಾಪುರದ ಕಡೆ ಪಾತ್ರೆ ತಿಕ್ಕಲು ಹೋಗುತ್ತಾರೆ. ಕೆಲವರು ಅಮರಗೋಳದ ಎಪಿಎಂಸಿಗೆ ಉಳ್ಳಾಗಡ್ಡಿ ಆರಿಸೋಕೆ ಹೋಗುತ್ತಾರೆ. ಮಕ್ಕಳು ಬೆಳಗ್ಗೆ ಚಹಾ ಕುಡಿದು ಸಾಲಿಗೆ ಹೋಗುತ್ತವೆ. ಚಹಾ ಅಂದರೆ ಚಹಾ ಅಷ್ಟೇ. ಜೊತೆಗೆ ಒಂದು ಟೋಸ್ಟ್ ಇದ್ದರೆ ಆ ದಿನ ಮನೆಯಲ್ಲಿ ಪಗಾರ ಆಗಿದೆ ಅಂತ ಅರ್ಥ. ಇದೆಲ್ಲ ನನಗೆ ಹೇಗೆ ಗೊತ್ತು ಅಂದರೆ, ಟೋಸ್ಟ್ ಮಾರೋನು ನಾನೇ.

ಮೊದಲು ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ನೀವು ಬರುವುದರಿಂದ ನನಗೆ ನಷ್ಟ ಇಲ್ಲ, ಲಾಭವೇ. ಬಿಸ್ಕಿಟ್ ಡಬ್ಬ ಖಾಲಿ ಆಗುತ್ತದೆ, ನೀರಿನ ಬಾಟಲಿ ಹೋಗುತ್ತದೆ, ಕಾಗದದ ತಟ್ಟೆ ಹೋಗುತ್ತದೆ. ನನ್ನ ತಂದೆ ತೀರಿಕೊಂಡ ಮೊದಲ ವರ್ಷ ನಾನೂ ಇದೇ ಓಣಿಯ ಮಕ್ಕಳನ್ನ ಸಾಲಾಗಿ ಕೂರಿಸಿ ಜಿಲೇಬಿ, ಪಲಾವ್ ಬಡಿಸಿದ್ದೆ. ಅಪ್ಪನ ಫೋಟೋ ಹಿಂದೆ ಇಟ್ಟು ಮೊಬೈಲಿನಲ್ಲಿ ಫೋಟೋ ಕೂಡ ತೆಗೆಸಿದ್ದೆ. ಬಂಧು-ಬಳಗಕ್ಕೆಲ್ಲ ಕಳಿಸಿದ್ದೆ. ಹಾಗಾಗಿ ಮುಂದೆ ಬರೆಯುವುದು ನನಗೂ ಸೇರಿಸಿಯೇ.

ನಮ್ಮ ಓಣಿಯಲ್ಲೊಂದು ಹುಡುಗಿ ಇದ್ದಾಳೆ, ಎರಡನೇ ತರಗತಿ. ಸಂಜೆ ಅಂಗಡಿ ಕಟ್ಟೆ ಮೇಲೆ ಬಂದು ಕೂರುತ್ತಾಳೆ. ಏನೂ ಕೊಳ್ಳೋಕೆ ಬರೋದಿಲ್ಲ, ಸುಮ್ನೆ ಕೂರುತ್ತಾಳೆ. ಹೋದ ವರ್ಷ ಮೇ ತಿಂಗಳಲ್ಲಿ ಒಂದು ದಿನ ನನ್ನ ಕೇಳಿದಳು, "ಕಾಕಾ, ನಾಳಿ ಯಾರದರ ಹುಟ್ಟಿದ ಹಬ್ಬ ಐತೇನು?" ನನಗೆ ಮೊದಲು ತಿಳೀಲಿಲ್ಲ. ಅವಳ ಹುಟ್ಟಿದ ಹಬ್ಬ ಇರಬೇಕು ಅಂದುಕೊಂಡೆ. ಆಮೇಲೆ ಗೊತ್ತಾಯಿತು. ಯಾರೋ ಸಾಹೇಬರ ಹುಟ್ಟಿದ ಹಬ್ಬ ಇದ್ದರೆ ವ್ಯಾನ್ ಬರುತ್ತದೆ, ವ್ಯಾನ್ ಬಂದರೆ ಊಟ ಇರುತ್ತದೆ. ಅದು ಅವಳ ಲೆಕ್ಕ. ಇಲ್ಲ ಕಂದಾ ಅಂದೆ. ಅವಳು ತಲೆ ಆಡಿಸಿ ಎದ್ದು ಹೋದಳು, ಬಸ್ ಇಲ್ಲ ಅಂತ ಹೇಳಿದರೆ ಜನ ಎದ್ದು ಹೋಗುತ್ತಾರಲ್ಲ ಹಾಗೆ.

ಅವತ್ತು ರಾತ್ರಿ ನಾನು ಉದ್ರಿ ವಹಿ, ಅಂದರೆ ಸಾಲ ಬರೆದಿಡುವ ಪುಸ್ತಕ, ತೆಗೆದು ಹಿಂದಿನ ಪುಟಗಳನ್ನ ನೋಡಿದೆ. ಉದ್ರಿ ವಹಿಯಲ್ಲಿ ಸುಳ್ಳು ಇರೋದಿಲ್ಲ, ಯಾಕಂದರೆ ಅದರಲ್ಲಿ ಇರೋದು ನನ್ನ ರೊಕ್ಕ. ಜೂನ್‌ನಿಂದ ಮಾರ್ಚ್ ತನಕ ಈ ಮನೆಗಳ ಉದ್ರಿ ಒಂದು ಅಳತೆಯಲ್ಲಿ ಹೋಗುತ್ತದೆ. ಏಪ್ರಿಲ್ ಎರಡನೇ ವಾರ ಬಂತು ಅಂದರೆ ಏರುತ್ತದೆ. ಸಾಲಿ ರಜೆ ಬಿಟ್ಟಿತು, ಮಧ್ಯಾಹ್ನದ ಬಿಸಿಯೂಟ ನಿಂತಿತು, ಮೂರು ಮಕ್ಕಳ ಒಂದು ಹೊತ್ತಿನ ಊಟ ಮನೆ ಮೇಲೆ ಬಂತು. ಅಕ್ಟೋಬರಿನ ದಸರಾ ರಜೆಯಲ್ಲೂ ಒಂದು ಸಣ್ಣ ಏರು ಕಾಣುತ್ತದೆ. ಹತ್ತೊಂಬತ್ತು ವರ್ಷ ಈ ವಹಿ ಬರೆದಿದ್ದೇನೆ, ಅಷ್ಟು ದಿನ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಬರೀ ಯಾರು ಎಷ್ಟು ಕೊಡಬೇಕು ಅಂತ ನೋಡುತ್ತಿದ್ದೆ.

ಈಗ ನಿಮ್ಮ ವ್ಯಾನುಗಳ ಲೆಕ್ಕ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಹೋದ ಗಣೇಶ ಹಬ್ಬದಲ್ಲಿ ಒಂದೇ ದಿನ ನಮ್ಮ ಓಣಿಗೆ ಮೂರು ಕಡೆಯಿಂದ ಊಟ ಬಂತು. ಹನ್ನೆರಡಕ್ಕೆ ಒಂದು ಪಲಾವ್, ಒಂದೂವರೆಗೆ ಇನ್ನೊಂದು ಪಲಾವ್, ಮೂರಕ್ಕೆ ಶಿರಾ ಮತ್ತು ಚಿತ್ರಾನ್ನ. ಮೂರನೇ ಊಟ ನಾಯಿಗೆ ಹೋಯಿತು, ಗಟಾರಕ್ಕೆ ಹೋಯಿತು. ಮರುದಿನ ಪಾಲಿಕೆಯ ಪೌರಕಾರ್ಮಿಕ ಅಕ್ಕ ಗುಡಿಸುತ್ತಾ ಬೈದದ್ದು ನನ್ನನ್ನ, ನಾನು ಎದುರಿಗೆ ಸಿಕ್ಕೆ ಅಂತ. ಆಮೇಲೆ ದೀಪಾವಳಿಗೆ ಬಂದಿರಿ. ಹೊಸ ವರ್ಷಕ್ಕೆ ಬಂದಿರಿ, ಕೇಕ್ ತಂದಿರಿ. ರಾಜಕೀಯದ ಅಣ್ಣಗಳ ಹುಟ್ಟಿದ ಹಬ್ಬಕ್ಕೆ ಬಂದಿರಿ. ಏಪ್ರಿಲ್ 11ರಿಂದ ಮೇ 28ರ ತನಕ, ಬಿಸಿಲು ನೆತ್ತಿ ಸುಡುವಾಗ, ಸಾಲಿಗೆ ಬೀಗ ಬಿದ್ದಾಗ, ಎರಡೇ ಸಲ ಬಂದಿರಿ.

ಸರಕಾರದ ಬಿಸಿಯೂಟದ ಬಗ್ಗೆ ಜನ ಏನೇ ಅನ್ನಲಿ, ಅದರಲ್ಲಿ ನನಗೆ ಹಿಡಿಸುವುದು ಒಂದೇ. ಅದು ದಿನಾ ಇರುತ್ತದೆ. 2001ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಸರಕಾರಿ ಸಾಲಿ ಮಕ್ಕಳಿಗೆ ಬೇಯಿಸಿದ ಊಟ ಕೊಡಲೇಬೇಕು ಅಂದಿತು. ನಮ್ಮ ರಾಜ್ಯದಲ್ಲಿ 2002ರಲ್ಲಿ ಕೆಲವು ಜಿಲ್ಲೆಗಳಲ್ಲಿ ಶುರುವಾಗಿ ಮರುವರ್ಷ ಉಳಿದ ಕಡೆಗೂ ಬಂತು, ಅಕ್ಷರ ದಾಸೋಹ ಅಂತ ಹೆಸರು. 2013ರಲ್ಲಿ ಹಾಲು ಬಂತು. ಆಮೇಲೆ ಮೊಟ್ಟೆ, ತಿನ್ನದ ಮಕ್ಕಳಿಗೆ ಬಾಳೆಹಣ್ಣು. ನಮ್ಮೂರಿನ ರಾಯಾಪುರದಲ್ಲಿ ಅಕ್ಷಯ ಪಾತ್ರದವರ ದೊಡ್ಡ ಅಡುಗೆಮನೆ ಇದೆ, ಅಲ್ಲಿಂದ ಎಷ್ಟೋ ಸಾಲಿಗಳಿಗೆ ಗಾಡಿ ಹೋಗುತ್ತದೆ. ಯಾರದೇ ಹುಟ್ಟಿದ ಹಬ್ಬ ಇರಲಿ ಬಿಡಲಿ, ಸೋಮವಾರವೂ ಹೋಗುತ್ತದೆ, ಮಂಗಳವಾರವೂ ಹೋಗುತ್ತದೆ. ಮಗುವಿಗೆ ಮಧ್ಯಾಹ್ನದ ಬಗ್ಗೆ ಯಾರನ್ನೂ ಕೇಳಬೇಕಾಗಿಲ್ಲ. ಆ ಕೋರ್ಟೇ 2004ರಲ್ಲಿ ಬರಗಾಲದ ಕಡೆ ಬೇಸಿಗೆ ರಜೆಯಲ್ಲೂ ಊಟ ಕೊಡಿ ಅಂತ ಹೇಳಿತ್ತು. 2024ರಲ್ಲಿ ಬರ ಬಿದ್ದಾಗ ನಮ್ಮ ಸರಕಾರ ಬರಪೀಡಿತ ತಾಲ್ಲೂಕುಗಳಲ್ಲಿ ಆ ಏರ್ಪಾಡು ಮಾಡಿತ್ತು. ಅಂದರೆ ಮನಸ್ಸು ಮಾಡಿದರೆ ಆಗುತ್ತದೆ. ಆದರೆ ನಮ್ಮ ಓಣಿಗೆ ಮಳೆ ಬಂದ ವರ್ಷವೂ ಮೇ ತಿಂಗಳು ಬರಗಾಲವೇ.

ಇನ್ನು ಏನು ತರುತ್ತೀರಿ ಅನ್ನೋದು. ಇದನ್ನ ಸ್ವಲ್ಪ ಬಿಡಿಸಿ ಹೇಳಬೇಕು.

ಒಂದು ಭಾನುವಾರ ನೀವು ಪ್ರತಿ ಮಗುವಿಗೆ ನಾಲ್ಕು ನಾಲ್ಕು ಬಿಸ್ಕಿಟ್ ಪ್ಯಾಕೆಟ್ ಹಂಚಿದಿರಿ. ಒಳ್ಳೇದು. ಅವತ್ತೇ ಸಂಜೆ ಮೂರು ಮಕ್ಕಳ ತಾಯಿಯೊಬ್ಬಳು ಸೆರಗಿನಲ್ಲಿ ಕಟ್ಟಿಕೊಂಡು ಆ ಹನ್ನೆರಡು ಪ್ಯಾಕೆಟ್ ನನ್ನ ಅಂಗಡಿಗೆ ತಂದಳು. "ಅಣ್ಣಾ, ಇವು ಇಟ್ಕೊಂಡು ಕಾಲ್ ಕೆಜಿ ತೊಗರಿಬ್ಯಾಳಿ ಕೊಡ್ರಿ, ಉಳಿದದ್ದಕ್ಕ ಎಣ್ಣಿ ಹಾಕ್ರಿ." ಎರಡು ಪ್ಯಾಕೆಟ್ ಒಡೆದು ಮೂಲೆ ಪುಡಿಯಾಗಿತ್ತು, ಅವನ್ನ ನಾನು ತಗೊಳ್ಳಲಿಕ್ಕಿಲ್ಲ ಅಂತ ಅವಳೇ ಪಕ್ಕಕ್ಕೆ ಇಟ್ಟಳು. ನಾನು ಎಲ್ಲ ತಗೊಂಡೆ. ಮರುದಿನ ಇನ್ನಿಬ್ಬರು ಬಂದರು. ಆ ಬಿಸ್ಕಿಟ್ಟನ್ನೇ ನಾನು ಮುಂದಿನ ವಾರ ಇನ್ನೊಬ್ಬ ದಾನಿಗೆ ಮಾರಿದೆ ಅಂದರೆ ನೀವು ನಗುತ್ತೀರೋ ಬೈಯುತ್ತೀರೋ ಗೊತ್ತಿಲ್ಲ, ಆದರೆ ಆದದ್ದು ಹಾಗೇ.

ನೋಡಿ, ಅಕ್ಕಿ ರೇಷನ್ನಿನಲ್ಲಿ ಬರುತ್ತದೆ. ಈ ಮನೆಗಳಲ್ಲಿ ಇಲ್ಲದ್ದು ಅಕ್ಕಿ ಅಲ್ಲ. ಬೇಳೆ ಇಲ್ಲ, ಎಣ್ಣೆ ಇಲ್ಲ, ಮೊಟ್ಟೆ ಇಲ್ಲ, ಹಾಲು ಇಲ್ಲ, ಒಂದು ತಪ್ಪಲ ಪಲ್ಯ ಇಲ್ಲ. ಮಕ್ಕಳು ಅನ್ನಕ್ಕೆ ಕೆಂಪು ಖಾರ ಕಲಸಿಕೊಂಡು ತಿನ್ನುತ್ತವೆ, ಜಾಸ್ತಿ ಅಂದರೆ ತಿಳಿಸಾರು. ನೀವೂ ಮತ್ತೆ ಅನ್ನವನ್ನೇ ತರುತ್ತೀರಿ. ಅರಿಷಿಣ ಹಾಕಿದರೆ ಚಿತ್ರಾನ್ನ, ಮಸಾಲೆ ಹಾಕಿದರೆ ಪಲಾವ್. ಮೊನ್ನೆ ನಮ್ಮ ಅಂಗನವಾಡಿ ಅಕ್ಕೋರು ಹೇಳುತ್ತಿದ್ದರು. 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಕ್ಕಳಿಗೆ ವಯಸ್ಸಿಗೆ ತಕ್ಕ ಎತ್ತರ ಇಲ್ಲವಂತೆ, ನೂರಕ್ಕೆ 65ಕ್ಕೂ ಹೆಚ್ಚು ಮಕ್ಕಳಿಗೆ ರಕ್ತ ಕಡಿಮೆಯಂತೆ. ಇದು ಇಡೀ ರಾಜ್ಯದ ಸರಾಸರಿ, ಬಂಗಲೆಯ ಮಕ್ಕಳನ್ನೂ ಹಿಡಿದು. ನಮ್ಮ ಓಣಿಯೊಂದನ್ನೇ ಅಳೆದರೆ ಏನು ಬರುತ್ತದೋ. ಅಕ್ಕೋರಿಗೆ ಗೊತ್ತು, ಅವರು ಪ್ರತಿ ತಿಂಗಳು ತೂಕ ಹಾಕುತ್ತಾರೆ. ಒಂದು ಸಲವಾದರೂ ನಿಮ್ಮಲ್ಲಿ ಯಾರಾದರೂ ಅವರನ್ನ ಹೋಗಿ ಕೇಳಿದ್ದೀರಾ?

ಹುಟ್ಟಿನಿಂದ ತಕ್ಕಡಿ ಹಿಡಿದವನು ನಾನು, ಹಾಗಾಗಿ ತೂಗಿ ನೋಡಿದೆ. ಬಿಸಿಯೂಟದ ನಿಯಮದಲ್ಲಿ ಒಂದರಿಂದ ಐದನೇ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ ಅಕ್ಕಿ ಇಲ್ಲವೇ ಗೋಧಿ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ ಅಂತ ಇದೆ. 20 ಗ್ರಾಂ ತೊಗರಿಬೇಳೆ ಅಂದರೆ ನನ್ನ ಅಂಗೈಯ ಗುಂಡಿಯಲ್ಲಿ ಕೂರುವಷ್ಟು. ನಮ್ಮ ಓಣಿಯಲ್ಲಿ ಸಾಲಿಗೆ ಹೋಗುವ ಮಕ್ಕಳು ಸುಮಾರು ನಲವತ್ತು. ನಲವತ್ತಕ್ಕೆ 4 ಕೆಜಿ ಅಕ್ಕಿ, 800 ಗ್ರಾಂ ಬೇಳೆ, 2 ಕೆಜಿ ತರಕಾರಿ, 200 ಗ್ರಾಂ ಎಣ್ಣೆ. ಮೇಲೆ ನಲವತ್ತು ಮೊಟ್ಟೆ ಹಾಕಿ. ನನ್ನ ಅಂಗಡಿಯ ಮಾರುವ ದರದಲ್ಲೇ ಲೆಕ್ಕ ಹಾಕಿದೆ, ಗ್ಯಾಸು ಮತ್ತು ಇಬ್ಬರು ಅಡುಗೆಯವರ ಕೂಲಿ ಸೇರಿಸಿದೆ. ದಿನಕ್ಕೆ ಒಂದೂಕಾಲು ಸಾವಿರದ ಆಸುಪಾಸು ಬಂತು. ನಮ್ಮ ಓಣಿ ಬಾಯಿಗೆ ನೀವು ಕಟ್ಟುವ ದೊಡ್ಡ ಫ್ಲೆಕ್ಸಿಗೆ ಎಷ್ಟು ಕೊಡುತ್ತೀರಿ ಅಂತ ಪ್ರಿಂಟಿಂಗ್ ಅಂಗಡಿಯವನನ್ನ ಕೇಳಿದೆ. ಅಷ್ಟೇ ಕೊಡುತ್ತೀರಿ, ಕೆಲವರು ಜಾಸ್ತಿ.

ಈಗ ಕಷ್ಟದ ಮಾತು. ಎರಡು ವರ್ಷದ ಕೆಳಗೆ ಒಂದು ಶನಿವಾರ ಒಂದು ಬಳಗದವರು ಊಟ ತಂದರು. ಹೆಸರು ಬೇಡ. ಬೆಳಗ್ಗೆ ಹತ್ತಕ್ಕೆ ಪ್ಯಾಕ್ ಮಾಡಿದ ಪಲಾವ್, ಪ್ಲಾಸ್ಟಿಕ್ ಡಬ್ಬಿಯಲ್ಲಿ, ಮುಚ್ಚಳದ ಒಳಗೆ ನೀರು ಬೆವೆತಿತ್ತು. ಹಿರಿಯ ಅತಿಥಿಗಳು ಬರುವುದು ತಡ ಆಯಿತು. ಮಕ್ಕಳು ಡಬ್ಬಿ ಹಿಡಿದು ಸಾಲಾಗಿ ಕೂತಿದ್ದವು. "ಅಣ್ಣಾರು ಬರೋತನಕ ಯಾರೂ ತೆಗೀಬ್ಯಾಡ್ರಿ" ಅಂತ ಒಬ್ಬ ಹುಡುಗ ಮೈಕಿನಲ್ಲಿ ಹೇಳುತ್ತಿದ್ದ. ಎರಡೂವರೆಗೆ ಅಣ್ಣಾರು ಬಂದರು, ಫೋಟೋ ಆಯಿತು, ಮಕ್ಕಳು ತಿಂದವು. ರಾತ್ರಿ ಎಂಟರಿಂದ ವಾಂತಿ ಶುರು. ನನ್ನ ಅಂಗಡಿಯಲ್ಲಿದ್ದ ಓಆರ್‌ಎಸ್ ಪುಡಿ ಎಲ್ಲ ಖಾಲಿ ಆಯಿತು. ಏಳು ಮಕ್ಕಳನ್ನ ಆಟೋದಲ್ಲಿ ದವಾಖಾನೆಗೆ ಒಯ್ದೆವು. ಡಾಕ್ಟರು ಕೇಳಿದರು, ಏನು ತಿಂದಿದ್ದರು, ಎಲ್ಲಿ ಮಾಡಿದ್ದು, ಎಷ್ಟು ಹೊತ್ತಿಗೆ ಮಾಡಿದ್ದು ಅಂತ. ನಮಗೆ ಏನೂ ಗೊತ್ತಿರಲಿಲ್ಲ. ಓಡಿ ಬಂದು ಬ್ಯಾನರ್ ನೋಡಿದೆ. ಅದರ ಮೇಲೆ ಹನ್ನೊಂದು ಜನರ ಫೋಟೋ ಇತ್ತು, ಒಂದೂ ಫೋನ್ ನಂಬರ್ ಇರಲಿಲ್ಲ. ದೇವರ ದಯೆ, ಮಕ್ಕಳೆಲ್ಲ ಎರಡು ದಿನಕ್ಕೆ ಹುಷಾರಾದವು. ಅವತ್ತು ರಾತ್ರಿಯ ಆಟೋ ಬಾಡಿಗೆ ಇನ್ನೂ ನನ್ನ ವಹಿಯಲ್ಲಿ ಯಾರ ಹೆಸರಿಗೆ ಬರೆಯಬೇಕು ಅಂತ ತಿಳಿಯದೆ ಖಾಲಿ ಹೆಸರಿನ ಎದುರು ಕೂತಿದೆ.

ಆಮೇಲೆ ವಿಚಾರಿಸಿದೆ. 2006ರ ಆಹಾರ ಸುರಕ್ಷತೆ ಕಾಯ್ದೆಯಲ್ಲಿ ಆಹಾರದ ಉದ್ಯಮ ಅಂದರೆ ಲಾಭಕ್ಕೆ ಮಾಡಿದ್ದೂ ಬಂತು, ಲಾಭ ಇಲ್ಲದೆ ಮಾಡಿದ್ದೂ ಬಂತು. ಪುಣ್ಯಕ್ಕೆ ಮಾಡಿದ್ದಕ್ಕೆ ವಿನಾಯಿತಿ ಅಂತ ನಾವು ಅಂದುಕೊಂಡಿರುತ್ತೇವೆ, ಅಷ್ಟೇ. ಬಿಸಿಯಾಗಿ ಬಡಿಸುವ ಅಡುಗೆಯನ್ನ 60 ಡಿಗ್ರಿಗಿಂತ ಕೆಳಗೆ ಇಳಿಯಲು ಬಿಡಬಾರದು ಅಂತಲೂ ಆ ಕಾಯ್ದೆಯ ಕೆಳಗಿನ ನಿಯಮಗಳಲ್ಲಿ ಇದೆ. ನಾಲ್ಕೂವರೆ ತಾಸು ಡಬ್ಬಿಯಲ್ಲಿ ಕೂತ ಅನ್ನ ಎಷ್ಟು ಡಿಗ್ರಿ ಇತ್ತು ಅಂತ ಅಳೆಯೋಕೆ ಯಂತ್ರ ಬೇಕಾಗಿಲ್ಲ, ನಮ್ಮವ್ವ ಇದ್ದಿದ್ದರೆ ಮುಚ್ಚಳ ಮೂಸಿ ಹೇಳುತ್ತಿದ್ದಳು.

ಫೋಟೋದ ಬಗ್ಗೆ ಎರಡೇ ಮಾತು. ನಾವೆಲ್ಲ ಸಿದ್ಧಾರೂಢರ ಮಠದಲ್ಲಿ ಪ್ರಸಾದಕ್ಕೆ ಕೂತವರು. ಅಲ್ಲಿ ನಮ್ಮ ತಾಟಿಗೆ ಸಾರು ಹಾಕಿದವನ ಹೆಸರು ನಮಗೆ ಗೊತ್ತಿರೋದಿಲ್ಲ, ಅವನಿಗೆ ನಮ್ಮ ಹೆಸರು ಬೇಕಾಗಿರೋದಿಲ್ಲ. ಪಕ್ಕದಲ್ಲಿ ಕಾರಿನಲ್ಲಿ ಬಂದವನೂ ಕೂತಿರುತ್ತಾನೆ, ಜೋಳಿಗೆ ಹಿಡಿದು ಬಂದವನೂ ಕೂತಿರುತ್ತಾನೆ. ದಾಸೋಹ ಅಂತ ಹೆಸರಿಟ್ಟ ನಾಡು ನಮ್ಮದು, ಬಡಿಸುವವನೇ ದಾಸ. ನಮ್ಮ ಓಣಿಯ ಒಬ್ಬ ಹುಡುಗ ಈಗ ಒಂಬತ್ತನೇ ತರಗತಿ. ಅವನು ಆರನೇ ತರಗತಿಯಲ್ಲಿದ್ದಾಗ ಯಾರೋ ತೆಗೆದ ಫೋಟೋ, ಬಾಯಿಗೆ ಲಾಡು ತುರುಕುತ್ತಿರುವುದು, ಇನ್ನೂ ಮೊಬೈಲಿನಲ್ಲಿ ಓಡಾಡುತ್ತಿದೆ. ಸಾಲಿಯಲ್ಲಿ ಅವನಿಗೆ ಲಾಡು ಅಂತಲೇ ಹೆಸರು ಬಿದ್ದಿದೆ. ಈಗ ವ್ಯಾನ್ ಬಂದರೆ ಅವನು ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾನೆ. ಹಸಿವು ಇಲ್ಲ ಅಂತ ಅಲ್ಲ. ಫೋಟೋ ಬೇಕೇ ಬೇಕು ಅಂದರೆ ಅಡುಗೆಯ ಬೋಗುಣಿಯದು ತೆಗೆಯಿರಿ. ಅದು ನಾಚಿಕೊಳ್ಳೋದಿಲ್ಲ.

ಇನ್ನೊಂದು. ಊಟ ಮನೆಗೆ ಒಯ್ಯಬೇಡಿ, ಇಲ್ಲೇ ತಿನ್ನಿ ಅಂತ ಗದರುತ್ತೀರಲ್ಲ, ಅದನ್ನ ಬಿಡಿ. ಆ ಎರಡನೇ ತರಗತಿ ಹುಡುಗಿ ಅರ್ಧ ತಿಂದು ಅರ್ಧವನ್ನ ಸ್ಟೀಲ್ ಡಬ್ಬಿಯ ಮುಚ್ಚಳದಲ್ಲಿ ಇಟ್ಟುಕೊಂಡಿದ್ದಳು. ಕೈಗೆ ಗ್ಲೌಸ್ ಹಾಕಿದ ಒಬ್ಬ ತಂಗಿ ಬಂದು "ಹಂಗ ಒಯ್ಯಂಗಿಲ್ಲ" ಅಂದಳು. ಹುಡುಗಿ ಮಾತಾಡಲಿಲ್ಲ, ಮುಚ್ಚಳದಲ್ಲಿದ್ದದ್ದನ್ನ ತಾಟಿಗೆ ವಾಪಸ್ ಸುರಿದಳು. ಮನೆಯಲ್ಲಿ ಅವಳ ತಮ್ಮ ಇದ್ದ, ಜ್ವರ ಬಂದು ಮಲಗಿದ್ದ. ಆ ತಂಗಿಯದೂ ತಪ್ಪಲ್ಲ, ಯಾರೋ ಅವಳಿಗೆ ನಿಯಮ ಹೇಳಿ ಕಳಿಸಿದ್ದರು.

ಹಾಗಾದರೆ ಏನು ಮಾಡಬೇಕು ಅಂತ ಕೇಳುತ್ತೀರಿ. ನನಗೆ ತಿಳಿದದ್ದು ಹೇಳುತ್ತೇನೆ.

ನಿಮ್ಮ ಮಗನ ಹುಟ್ಟಿದ ಹಬ್ಬ ನವೆಂಬರಿನಲ್ಲಿದ್ದರೆ ಅದರ ರೊಕ್ಕವನ್ನ ಮೇ ತಿಂಗಳ ಒಂದು ಮಂಗಳವಾರಕ್ಕೆ ಎತ್ತಿಡಿ. ಬೇಕಾದರೆ ಅವತ್ತು ಮಗನನ್ನೂ ಕರೆದುಕೊಂಡು ಬನ್ನಿ, ಮಕ್ಕಳ ಸಾಲಿನಲ್ಲೇ ಕೂರಿಸಿ, ಅದೇ ಊಟ ಅವನಿಗೂ ಹಾಕಿ. ನೀವೂ ತಿನ್ನಿ. ನೀವು ತಿನ್ನದ್ದನ್ನ ತರಬೇಡಿ. ಬರುವ ಮೊದಲು ಓಣಿಯಲ್ಲಿ ಒಬ್ಬರನ್ನ ಕೇಳಿ, ಅವತ್ತು ಬೇರೆ ಯಾರಾದರೂ ಬರುತ್ತಿದ್ದಾರಾ ಅಂತ. ಅಡುಗೆ ಎಷ್ಟು ಗಂಟೆಗೆ ಇಳಿಸಿದ್ದು, ಮಾಡಿದವರ ನಂಬರ್ ಏನು ಅಂತ ಒಂದು ಚೀಟಿಯಲ್ಲಿ ಬರೆದು ಬೋಗುಣಿಗೆ ಅಂಟಿಸಿ. ಅದಕ್ಕಿಂತ ಒಳ್ಳೇದು ಅಂದರೆ ದೂರದಿಂದ ಊಟ ತರೋದನ್ನೇ ಬಿಡಿ. ಇದೇ ಓಣಿಯಲ್ಲಿ ಖಾನಾವಳಿಗೆ ರೊಟ್ಟಿ ಬಡಿದು ಕೊಡುವ ಹೆಣ್ಣುಮಕ್ಕಳು ಇದ್ದಾರೆ, ನೂರು ರೊಟ್ಟಿ ಕಣ್ಣು ಮುಚ್ಚಿ ಬಡಿಯುತ್ತಾರೆ. ಜೋಳ ತಂದು ಕೊಡಿ, ಹೆಸರುಕಾಳು, ಶೇಂಗಾ, ಬೆಲ್ಲ ಕೊಡಿ, ಅವರಿಗೆ ಸರಿಯಾದ ಕೂಲಿ ಕೊಡಿ. ಸಂಜೆ ಐದಕ್ಕೆ ಬಿಸಿ ಉಸುಳಿ, ಒಂದು ರೊಟ್ಟಿ, ಒಂದು ಮೊಟ್ಟೆ. ಮಗು ಯಾವುದೋ ದಿನ ಬರದಿದ್ದರೆ ಯಾಕೆ ಬರಲಿಲ್ಲ ಅಂತ ಅವರೇ ಹೋಗಿ ನೋಡುತ್ತಾರೆ. ವ್ಯಾನಿನವರಿಗೆ ಅದು ಆಗೋದಿಲ್ಲ.

ಮಾನ್ಯ ಆಯುಕ್ತರೇ, ತಮ್ಮಲ್ಲಿ ಕೇಳೋದು ಕಡಿಮೆ. ನಮ್ಮ ಓಣಿಗೆ ಹತ್ತಿರ ಒಂದು ಸಮುದಾಯ ಭವನ ಇದೆ, ವರ್ಷದಲ್ಲಿ ಜಾಸ್ತಿ ದಿನ ಅದಕ್ಕೆ ಬೀಗವೇ. ಅದರ ಕೀಲಿ, ಒಂದು ನೀರಿನ ನಳ, ಮುಸುರೆ ಹೋಗೋಕೆ ಒಂದು ಸರಿಯಾದ ಗಟಾರ ಸಿಕ್ಕರೆ ಸಂಜೆ ಎರಡು ತಾಸು ಅಡುಗೆ ಮಾಡಬಹುದು. ಇಂದಿರಾ ಕ್ಯಾಂಟೀನಿನಲ್ಲಿ 5 ರೂಪಾಯಿಗೆ ತಿಂಡಿ, 10 ರೂಪಾಯಿಗೆ ಊಟ ಸಿಗುತ್ತದೆ, ನಿಜ. ಆದರೆ ಲಾರಿ ಓಡಾಡುವ ರಸ್ತೆ ದಾಟಿ ಏಳು ವರ್ಷದ ಮಗು ಒಬ್ಬನೇ ಹೋಗೋಕಾಗಲ್ಲ ಅಲ್ವಾ. ತಮ್ಮ ವಾರ್ಡುಗಳಲ್ಲಿ ಇಂಥ ಓಣಿ ಎಲ್ಲೆಲ್ಲಿವೆ ಅನ್ನೋದು ತಮ್ಮ ಕಚೇರಿಗೆ ನನಗಿಂತ ಚೆನ್ನಾಗಿ ಗೊತ್ತು. ವಾರ್ಡ್ ಕಚೇರಿಯಲ್ಲಿ ಒಂದು ಪುಸ್ತಕ ಇಡಿಸಿ. ಊಟ ಹಂಚೋಕೆ ಬರುವವರು ಅದರಲ್ಲಿ ತಾರೀಖು, ಹೆಸರು, ನಂಬರ್ ಬರೆದು ಬರಲಿ. ಅನುಮತಿ, ಅರ್ಜಿ, ಮೂರು ಪ್ರತಿ ಅಂತ ಮಾಡಬೇಡಿ ದಯವಿಟ್ಟು, ಹಾಗೆ ಮಾಡಿದರೆ ಬರುವವರೂ ಬರೋದಿಲ್ಲ. ಬರೀ ಒಂದು ಪುಸ್ತಕ. ಯಾವ ದಿನ ಖಾಲಿ ಇದೆ ಅಂತ ಜನರಿಗೆ ಕಂಡರೆ ಸಾಕು.

ಅದು ಆಗುವ ತನಕ ಕಾಯೋದು ಯಾಕೆ ಅಂತ ನಾನೇ ಒಂದು ಇನ್ನೂರು ಪುಟದ ವಹಿ ತೆಗೆದು ಅಂಗಡಿಯಲ್ಲಿ, ತಕ್ಕಡಿ ಪಕ್ಕ ಇಟ್ಟಿದ್ದೇನೆ. ಏಪ್ರಿಲ್ 11ರಿಂದ ಮೇ 28ರ ತನಕ 48 ದಿನ, ಪುಟಕ್ಕೊಂದು ತಾರೀಖು ಹಾಕಿದ್ದೇನೆ. ನಿಮ್ಮ ವಿದ್ಯಾನಗರ, ಧಾರವಾಡ, ನವನಗರದ ಹತ್ತಿರದ ಓಣಿಯ ಅಂಗಡಿಯವನನ್ನ ಕೇಳಿ ನೋಡಿ, ಅವನೂ ಒಂದು ವಹಿ ಇಟ್ಟಾನು. ನಮ್ಮ ವಹಿಯಲ್ಲಿ ಇವತ್ತಿಗೆ ಐದು ಪುಟ ತುಂಬಿವೆ. ಒಂದು ನನ್ನದು, ಅಪ್ಪನ ತಿಥಿಯನ್ನ ಆ ದಿನಕ್ಕೆ ತಂದಿದ್ದೇನೆ, ಅಪ್ಪ ಏನೂ ಅನ್ನಲಿಕ್ಕಿಲ್ಲ. ಒಂದು ಅಂಗನವಾಡಿ ಅಕ್ಕೋರದು. ಮೂರು ಪುಟ ಪಾತ್ರೆ ತಿಕ್ಕಲು ಹೋಗುವ ಹೆಣ್ಣುಮಕ್ಕಳು ಸೇರಿ ಬರೆಸಿದ್ದು, ತಲಾ ಇಪ್ಪತ್ತು ರೂಪಾಯಿ ಹಾಕುತ್ತಾರಂತೆ, ಕೂಲಿ ತಗೊಳ್ಳದೆ ಅಡುಗೆ ಅವರೇ ಮಾಡುತ್ತಾರಂತೆ. ಉಳಿದದ್ದು 43 ಪುಟ.

ಇಂತಿ ತಮ್ಮ,
ಓಣಿಯ ಕಿರಾಣಿ ಅಂಗಡಿಯವ
ಹಳೇ ಹುಬ್ಬಳ್ಳಿ